ಹಜೀರಾ ಬಲವಂತ ಬಿಟ್ಟದ್ದು

ಜಗಳೂರಿನಲ್ಲಿ ಹಾಸಿಗೆ, ದಿಂಬು ಬೇಕಾದವರು ಪಿಂಜಾರ ಪೀರ್‌ಸಾಬರ ಮನೆ ಹುಡುಕಿಕೊಂಡು ಹೋಗುತ್ತಿದ್ದರು. ಅವರು ಅರಳೆ ಹಿಂಜಿದರೆ ಹೆಂಡತಿ ಹಜೀರಾ ಹೊಲಿಯುತ್ತಿದ್ದಳು. ೧೯೮೩ರ ಬೇಸಿಗೆಯಲ್ಲಿ ಪೀರ್‌ಸಾಬರಿಗೆ ಊಟ ಸೇರದಾಯಿತು. ದಾವಣಗೆರೆಯ ಡಾಕ್ಟರು ಹೊಟ್ಟೆಯ ಕ್ಯಾನ್ಸರ್ ಎಂದರು. ಲಿವರಿಗೂ ಹಬ್ಬಿದೆ, ಆಪರೇಷನ್ ಮಾಡಿ ಪ್ರಯೋಜನವಿಲ್ಲ ಎಂದರು.

ಹಜೀರಾ ಹಾಲು, ತುಪ್ಪ, ಕಾಲುಸೂಪು ಅಂತ ಒಲೆ ಬಿಟ್ಟು ಏಳಲಿಲ್ಲ. ಪೀರ್‌ಸಾಬರು ಎರಡು ತುತ್ತಿಗೇ ಮುಖ ತಿರುಗಿಸುತ್ತಿದ್ದರು. ತೋಳು ಸೊರಗಿ ಅಂಗಿ ಜೋತಾಡುತ್ತಿತ್ತು. ನಾದಿನಿ ಜೈನಾಬ್ ಬಂದವಳೇ, "ನಮ್ಮಣ್ಣ ಕಡ್ಡಿ ಆಗ್ಯಾನೆ. ಹೊಟ್ಟೆಗೆ ಹಾಕ್ತೀಯೋ ಇಲ್ಲೋ ಅತ್ತಿಗೆ?" ಎಂದಳು.

ಅವತ್ತು ಹಜೀರಾ ಗಂಡನ ಗದ್ದ ಹಿಡಿದು ಗಂಜಿ ಕುಡಿಸಿದಳು. ಅವರು ಅಷ್ಟನ್ನೂ ವಾಂತಿ ಮಾಡಿಕೊಂಡು ಗೋಡೆ ಕಡೆ ತಿರುಗಿದರು. "ನೀನು ಲೋಟ ಹಿಡಿದು ಬಂದ್ರೆ ನಂಗೆ ಹೆದರಿಕೆ ಆಗ್ತೈತೆ ಕಣೆ."

ಮರುದಿನ ಅವಳು ಸರ್ಕಾರಿ ಆಸ್ಪತ್ರೆಯ ನರ್ಸ್ ಉಚ್ಚಂಗಮ್ಮನ ಮುಂದೆ ಅತ್ತುಬಿಟ್ಟಳು.

"ತಪ್ಪು ನಿಮ್ದಲ್ಲ ಹಜೀರಮ್ಮ," ಎಂದಳು ಉಚ್ಚಂಗಮ್ಮ. "ಈ ರೋಗಾನೇ ಮೈಯ ಮಾಂಸ ಕರಗಿಸ್ತೈತೆ. ಎಷ್ಟು ತಿನಿಸಿದ್ರೂ ಹಳೇ ಮೈ ಬರಾಕಿಲ್ಲ. ಇರೋ ಶಕ್ತಿ ಉಳಿಸಾಕೆ ನೋಡ್ಬೋದು. ಊಟ ಒಂದರಿಂದ ಆಗಲ್ಲ ರೀ. ಔಷಧಿ, ಓಡಾಟ, ಮಾತುಕತೆ, ಎಲ್ಲಾ ಕೂಡಿಸಿ ಮಾಡ್ಬೇಕು."

ಆ ಆಸ್ಪತ್ರೆಯ ಡಾಕ್ಟರು ವಾಂತಿಗೂ ನೋವಿಗೂ ಮಾತ್ರೆ ಬರೆದುಕೊಟ್ಟರು. ಮಾತ್ರೆ ನುಂಗಿಸಿ ಅರ್ಧ ಗಂಟೆ ಬಿಟ್ಟು ಹಜೀರಾ ಸಣ್ಣ ಬಟ್ಟಲಲ್ಲಿ ಶೇಂಗಾಪುಡಿ ಕಲಸಿದ ಗಂಜಿ ತರುತ್ತಿದ್ದಳು. ಎರಡು ತಾಸಿಗೊಮ್ಮೆ ಮೊಟ್ಟೆಯೋ ಮೊಸರೋ ಇಡುತ್ತಿದ್ದಳು. ಬೇಡವೆಂದರೆ ಬಟ್ಟಲು ಎತ್ತಿಟ್ಟು ಸುಮ್ಮನಾಗುತ್ತಿದ್ದಳು. ಹಾಗೆ ಸುಮ್ಮನಾಗುವುದೇ ಅವಳಿಗೆ ಕಷ್ಟದ ಕೆಲಸವಾಗಿತ್ತು. ಬೆಳಿಗ್ಗೆ ಸಂಜೆ ಅವಳ ಹೆಗಲು ಹಿಡಿದು ಅವರು ಹಿಟ್ಟಿನ ಗಿರಣಿಯವರೆಗೆ ನಡೆದು ಬರುತ್ತಿದ್ದರು.

"ತಿನ್ನು ತಿನ್ನು ಅನ್ನಾಕೆ ಬರೋದಾದ್ರೆ ಬ್ಯಾಡ, ಕೂತು ಮಾತಾಡಾಕೆ ಬಾ," ಎಂದು ಜೈನಾಬಳಿಗೂ ಹೇಳಿದಳು. ಜೈನಾಬ್ ಮುನಿಸಿಕೊಂಡು ಒಂದು ವಾರ ಈ ಕಡೆ ತಲೆ ಹಾಕಲಿಲ್ಲ. ಆಮೇಲೆ ಬಂದು, ಚಿಕ್ಕಂದಿನಲ್ಲಿ ಅಣ್ಣ ತಂಗಿ ಬಾವಿಕಟ್ಟೆಯಿಂದ ಯಾರದೋ ಕೊಡ ಕದ್ದ ಕತೆ ತೆಗೆದಳು. ಪೀರ್‌ಸಾಬರು ನಕ್ಕು, ಮಾತಿನ ಮಧ್ಯೆ ಅರ್ಧ ಮೊಟ್ಟೆ ತಿಂದರು.

ತೂಕ ಏರಲಿಲ್ಲ. ಆದರೂ ಬಕ್ರೀದ್ ದಿನ ಅವರು ಯಾರ ಕೈಯನ್ನೂ ಹಿಡಿಯದೆ ನಮಾಜಿಗೆ ನಡೆದುಹೋದರು. ಚಳಿ ಶುರುವಾದಾಗ ಹಾಸಿಗೆ ಹಿಡಿದರು. ಕೊನೆಯ ವಾರ ಹಜೀರಾ ಊಟದ ಮಾತೇ ಎತ್ತದೆ, ತುಟಿಗೆ ನೀರು ಸವರುತ್ತಾ ಪಕ್ಕದಲ್ಲಿ ಕೂತಿದ್ದಳು.

ಮಣ್ಣು ಮಾಡಿದ ಮೇಲೆ ಜೈನಾಬ್ ಕೇಳಿದಳು, "ಅಣ್ಣ ಹಸಿದುಕೊಂಡೇ ಹೋದ್ನಾ ಅತ್ತಿಗೆ?"

"ಇಲ್ಲ ಕಣವ್ವಾ," ಎಂದಳು ಹಜೀರಾ. "ಹಸಿವೇ ಇರಲಿಲ್ಲ ಅವ್ರಿಗೆ."