ಅರ್ಕಾವೊತ್ತಿಗಾಗಿ ಚಂದಾ

ಲೋಕಲ್ ಟ್ರೇನಿನಲ್ಲಿ ಮೂವರು ಕೂತ ಸೀಟಿನ ತುದಿಗೆ 'ಥೋಡಾ ಸರಕೋ' ಎಂದು ನಾಲ್ಕನೆಯವನಾಗಿ ಕೂರುವುದು ಮುಂಬಯಿಯ ರಿವಾಜು. ಅದನ್ನೂ ಕೇಳಲಾರದೆ ನಾನು ಸಯನ್‌ನಿಂದ ವಿ.ಟಿ.ವರೆಗೆ ನಿಂತೇ ಹೋಗುವವನು. ಅಂಥವನನ್ನು ಚಂದಾ ಎತ್ತುವ ಸಮಿತಿಗೆ ಅಧ್ಯಕ್ಷನನ್ನಾಗಿ ಮಾಡಿದರು ಎಂದರೆ ಉಳಿದವರ ಸಂಕೋಚ ಎಷ್ಟಿತ್ತೆಂದು ನೀವೇ ಊಹಿಸಿಕೊಳ್ಳಿ.

ತೊಂಬತ್ತರ ದಶಕ ಆಗಷ್ಟೇ ಕಣ್ಣು ಬಿಟ್ಟಿತ್ತು. ಪವಾಯಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ನಮ್ಮ ನಾಗೇಶ, ಕಂಪ್ಯೂಟರಿನಲ್ಲಿ ಕನ್ನಡ ಬರೆದು ಅಚ್ಚು ತೆಗೆಯುವ ಪ್ರೋಗ್ರಾಮೊಂದನ್ನು ಕಟ್ಟುತ್ತಿದ್ದ. ಅವನ ಸುತ್ತ ನಾವೊಂದಿಷ್ಟು ಉತ್ಸಾಹಿಗಳು. ಯಾರು ಬೇಕಾದರೂ ಫ್ಲಾಪಿ ತಂದು ಅದನ್ನು ತುಂಬಿಸಿಕೊಂಡು ಹೋಗಬಹುದು, ಒಳಗೆ ಕೈಹಾಕಿ ತಿದ್ದಬಹುದು, ಇನ್ನೊಬ್ಬರಿಗೂ ಹಂಚಬಹುದು. ಕೆಲಸವೆಲ್ಲ ಸ್ನೇಹಿತರೊಬ್ಬರ ಆಫೀಸಿನ ಕಂಪ್ಯೂಟರಿನಲ್ಲಿ, ರಜೆಯ ದಿನ. ಆ ಆಫೀಸು ಪುಣೆಗೆ ಹೊರಟು ನಿಂತಿತು. ನಮ್ಮದೇ ಒಂದು ಯಂತ್ರ ಬೇಕು, ಇಲ್ಲವಾದರೆ ಅರ್ಧ ಕಟ್ಟಿದ ಕನ್ನಡವನ್ನು ಅಲ್ಲಿಗೇ ಬಿಡಬೇಕು.

ನಾನು ಗಂಭೀರವಾದ ಮನವಿಪತ್ರವೊಂದನ್ನು ಬರೆದೆ. ಭಾಷೆಯ ಹಿರಿಮೆ, ವಿಜ್ಞಾನದ ಮಹಿಮೆ ಎಲ್ಲ ಅದರಲ್ಲಿತ್ತು. ಹೆಂಡತಿ ಸರಳಾ ಎರಡು ಸಾಲು ಓದಿ ಕೆಳಗಿಟ್ಟಳು.

"ಇಷ್ಟುದ್ದ ಯಾರ್ರೀ ಓದ್ತಾರೆ? ಜನರನ್ನ ಕರೆದು ಅವರವರ ಹೆಸರು ಅಚ್ಚು ಹಾಕಿ ಕೊಡಿ. ತಮ್ಮ ಹೆಸರು ನೋಡಿದ್ರೆ ಯಾರಿಗೆ ಖುಷಿಯಾಗಲ್ಲ?"

ಅಂತೆಯೇ ಆ ಆಫೀಸಿನ ಕಂಪ್ಯೂಟರನ್ನೇ ಒಂದು ದಿನದ ಮಟ್ಟಿಗೆ ಕೇಳಿ ತಂದು ನಮ್ಮ ಬಿಲ್ಡಿಂಗಿನ ಕೆಳಗಿನ ಹಾಲ್‌ನಲ್ಲಿ ಇಟ್ಟು ಪರಿಚಯದ ಕನ್ನಡಿಗರನ್ನೆಲ್ಲ ಕರೆದೆವು. ಮೊದಲು ಬಂದವರು ಕುಲಕರ್ಣಿಯವರು. ಧಾರವಾಡದವರು, ಭಾಂಡುಪ್‌ನಲ್ಲಿ ಬಟ್ಟೆ ಅಂಗಡಿ.

"ಪುಕ್ಕಟ ಕೊಡೂದಕ್ಕ ರೊಕ್ಕ ಯಾಕ ಬೇಕ್ರೀ?" ಎಂದು ನೇರವಾಗಿ ನನ್ನನ್ನೇ ಕೇಳಿದರು.

ಅಧ್ಯಕ್ಷರು ಗಂಟಲು ಸರಿಮಾಡಿಕೊಳ್ಳುತ್ತಿರುವಷ್ಟರಲ್ಲಿ ಸರಳಾ, "ಅರವಟ್ಟಿಗೆ ನೀರೂ ಪುಕ್ಕಟೆಯೇ ರಾಯರೆ. ಆದ್ರೆ ಮಡಕೆ ಯಾರಾದ್ರೂ ತರಬೇಕಲ್ಲ?" ಎಂದಳು.

ರಾಯರಿಗೆ ಮಾತು ಹಿಡಿಸಿತು. ಕುರ್ಚಿ ಎಳೆದುಕೊಂಡು ಕೂತರು. ಪ್ರಿಂಟರ್ ಕರಕರ ಎಂದು ಹಲ್ಲು ಕಡಿದು ಕಾಗದವನ್ನು ಹೊರಗೆ ತಳ್ಳಿತು. ಅದರಲ್ಲಿ ದಪ್ಪಕ್ಷರದಲ್ಲಿ ಮೂಡಿತ್ತು: 'ಕುಲಕಣಿ'.

ನಮ್ಮ ಅರ್ಕಾವೊತ್ತಿನ ಸ್ವಭಾವ ನಿಮಗೆ ಗೊತ್ತಲ್ಲ? ಬಾಯಲ್ಲಿ ಮೊದಲು ಬರುತ್ತದೆ, ಬರಹದಲ್ಲಿ ಹಿಂದೆ ಹೋಗಿ ನಿಲ್ಲುತ್ತದೆ. ನಾವು ಒಂದನೇ ಇಯತ್ತೆಯಲ್ಲಿ ಪೆಟ್ಟು ತಿಂದು ಒಪ್ಪಿಕೊಂಡ ಸಂಗತಿ ಇದು. ಪೆಟ್ಟು ತಿನ್ನದ ಕಂಪ್ಯೂಟರ್ ಒಪ್ಪುತ್ತಿರಲಿಲ್ಲ. ನಾಗೇಶ ಅದರೊಂದಿಗೆ ಗುದ್ದಾಡಿ ಸೋತಿದ್ದ.

"ಯಪ್ಪಾ, ನನ್ನ ಅರ್ಕಾವೊತ್ತು ಎಲ್ಲಿ ಹೋತ್ರೀ?" ಎಂದರು ಕುಲಕರ್ಣಿ.

ನಾಗೇಶ ಕೆಂಪಾಗಿ, "ಅದನ್ನ ಸರಿ ಮಾಡಕ್ಕೇ ಸಾರ್ ಕಂಪ್ಯೂಟರ್ ಬೇಕಾಗಿರೋದು" ಎಂದ.

ಹಾಲ್‌ಗೆ ಹಾಲ್ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಕುಲಕರ್ಣಿಯವರೇ. ಜೇಬಿಗೆ ಕೈಹಾಕುತ್ತ, "ತಗೋ ತಮ್ಮಾ. ಅಪ್ಪ ಇಟ್ಟ ಹೆಸರು ಅದ, ಅರ್ಧಕ್ಕ ಬಿಡಬ್ಯಾಡ" ಎಂದರು.

ಆಮೇಲೆ ಪಾರ್ವತಿಯರು, ದುರ್ಗಾಬಾಯಿಯರು, ಶರ್ಮರು ಸಾಲುಗಟ್ಟಿ ಬಂದು ತಮ್ಮ ಗಾಯಗೊಂಡ ಹೆಸರನ್ನು ಕಣ್ಣಾರೆ ಕಂಡು ಚಂದಾ ಕೊಟ್ಟರು. ಕಮಲಾ, ರಮೇಶ ಮುಂತಾದವರು ತಮ್ಮದು ಪೂರ್ತಿ ಬಂತೆಂಬ ಸಂತೋಷಕ್ಕೆ ಕೊಟ್ಟರು. ನನ್ನ ಮನವಿಪತ್ರವನ್ನು ಯಾರೋ ಬಟಾಟೆವಡೆಗೆ ಬಳಸಿದರು. ಎಣ್ಣೆಯನ್ನು ಚೆನ್ನಾಗಿ ಹೀರಿತಂತೆ.

ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಬಂತು. ಕುಲಕರ್ಣಿಯವರು ಅಂಗಡಿಯ ಹಿಂದಿನ ಕೋಣೆ ಬಿಟ್ಟುಕೊಟ್ಟರು. ನಾಗೇಶ ಅರ್ಕಾವೊತ್ತನ್ನು ಅದರ ಜಾಗದಲ್ಲಿ ಕೂರಿಸಿದ. ಫ್ಲಾಪಿಗಳು ಊರೂರು ತಿರುಗತೊಡಗಿದವು.

ಒಂದು ದಿನ ಆ ಕೋಣೆಯ ಬಾಗಿಲಿಗೆ ಶಾಲೆಯ ಟೀಚರೊಬ್ಬರು ಬಂದು ನಿಂತರು. ಮುಖ ಬಾಡಿತ್ತು.

"ನಿಮ್ಮ ಫ್ಲಾಪೀನ ನಿಮ್ಮನ್ನ ಕೇಳ್ದೇನೇ ನಮ್ಮಕ್ಕನಿಗೂ ಕಾಪಿ ಮಾಡಿ ಕೊಟ್ಬಿಟ್ಟೆ. ಅವಳು ಅಕ್ಕಪಕ್ಕದವರಿಗೆಲ್ಲ ಹಂಚಿದಾಳಂತೆ. ತಪ್ಪಾಯ್ತು ಸಾರ್."

ನಾಗೇಶ ಎದ್ದು ನಿಂತು ಕೈಮುಗಿದ. ಕುಲಕರ್ಣಿಯವರು ಸ್ಪೆಷಲ್ ಚಹಾ ತರಿಸಿದರು. ನಾನು ಕುರ್ಚಿ ಒರೆಸಿ ಕೊಟ್ಟೆ. ಬೈಸಿಕೊಳ್ಳಲು ತಯಾರಾಗಿ ಬಂದಿದ್ದ ಆಕೆ ಗಾಬರಿಯಿಂದ ಒಬ್ಬೊಬ್ಬರ ಮುಖವನ್ನೂ ನೋಡಿದರು. ಪಾಪ, ಅವರಿಗೇನು ಗೊತ್ತು! ಕೊಟ್ಟಷ್ಟೂ ಖಾಲಿಯಾಗದ ವಸ್ತು ಕೈಗೆ ಸಿಕ್ಕಿದ ಮೇಲೆ, ಅದಕ್ಕೆ ಬೀಗ ಹಾಕಿಕೊಂಡು ಕಾಯುತ್ತ ಕೂರುವುದು ಎಷ್ಟು ದಂಡದ ಕೆಲಸ!