ಬಿಳಿ ಬೋಗುಣಿಯ ತೂಕ

ತಕ್ಕಡಿಯಕ್ಕನಿಗೆ ಮೂರು ತಿಂಗಳ ಸಂಬಳ ಬರಬೇಕು. ಗುತ್ತಿಗೆದಾರನ ಪುಸ್ತಕದಲ್ಲಿ ಆಕೆ ನೆಲ ಒರೆಸುವವಳು. ನೆಲ ಒರೆಸಿ ಕೈ ತೊಳೆದ ಮೇಲೆ ಮಾಡುವ ಕೆಲಸಕ್ಕೆ ಆ ಪುಸ್ತಕದಲ್ಲಿ ಹೆಸರೇ ಇಲ್ಲ. ಹಸುಗೂಸುಗಳ ಹೃದಯ ಕೊಯ್ದು ಸರಿಮಾಡುವ ಆಪರೇಷನ್ ಥಿಯೇಟರಿನ ಮೂಲೆಯಲ್ಲಿ ನಿಂತು ಆಕೆ ರಕ್ತ ಹೀರಿದ ಗಾಜ್ ಬಟ್ಟೆ ತೂಗುತ್ತಾಳೆ.

ಇದೂ ಒಂದು ಕೆಲಸವೇ ಎಂದು ನಗುವವರು ನಗಲಿ. ನಾಲ್ಕು ಕಿಲೋ ಕೂಸಿನ ಮೈಯಲ್ಲಿರುವುದೇ ಎರಡು ಲೋಟ ರಕ್ತ. ಎಷ್ಟು ಹೋಯಿತೆಂದು ಕಣ್ಣಂದಾಜಿನಲ್ಲಿ ಹೇಳಹೊರಟರೆ ಕೂಸು ಕೈತಪ್ಪುತ್ತದೆ. ಒಣ ಬಟ್ಟೆಯ ತೂಕ ಕಳೆದು, ಉಳಿದ ಗ್ರಾಮುಗಳನ್ನು ಆಕೆ ಬೋರ್ಡಿನ ಮೇಲೆ ಬರೆಯುತ್ತಾಳೆ. ಅರಿವಳಿಕೆ ಡಾಕ್ಟರಮ್ಮ ಅದನ್ನು ನೋಡಿಕೊಂಡು ಕೂಸಿಗೆ ರಕ್ತ ಏರಿಸುತ್ತಾರೆ. ಹತ್ತು ವರ್ಷ ಮಾರ್ಕೆಟ್ಟಿನಲ್ಲಿ ತರಕಾರಿ ತೂಗಿದ ಕೈ ಅದು.

ಆ ಬೆಳಿಗ್ಗೆ ಬಂದದ್ದು ಮೂರು ತಿಂಗಳ ಹೆಣ್ಣುಕೂಸು. ಹೃದಯದ ಕೆಳಗಿನ ಎರಡು ಕೋಣೆಗಳ ನಡುಗೋಡೆಯಲ್ಲಿ ಹುಟ್ಟಿನಿಂದಲೇ ತೂತು. ನಾಲ್ಕು ಗುಟುಕು ಹಾಲು ಕುಡಿಯುವಷ್ಟರಲ್ಲಿ ಬೆವರಿ ಏದುಸಿರು ಬಿಡುತ್ತಿತ್ತು. ತಾಯಿ ಟೈಲರ್. ಥಿಯೇಟರಿನ ಬಾಗಿಲಲ್ಲಿ ಕೂಸನ್ನು ಕೊಟ್ಟವಳು ಕೈ ಹಿಂದಕ್ಕೆ ತೆಗೆಯಲೇ ಇಲ್ಲ, ತಕ್ಕಡಿಯಕ್ಕನತ್ತ ತಿರುಗಿದಳು.

"ಅಕ್ಕಾ, ನೀವೂ ಒಳಗೇ ಇರ್ತೀರಾ?"

"ಇರ್ತೀನಿ ಕಣಮ್ಮ. ಎಲ್ಲಿಗೆ ಹೋಗ್ಲಿ?"

ಒಳಗೆ ಡಾಕ್ಟರಮ್ಮ ಎಂದಿನಂತೆ ಕೆಣಕಿದರು. "ಅಕ್ಕ, ಇವತ್ತು ಕೊಸರು ಹಾಕ್ಬೇಡ ಮತ್ತೆ."

"ಕೊಸರು ಬೇಕಿದ್ರೆ ಮಾರ್ಕೆಟ್ಟಿಗೆ ಬನ್ನಿ ಮೇಡಂ. ಇಲ್ಲಿ ಒಂದು ಗ್ರಾಮೂ ಸಿಗಲ್ಲ."

ಹೃದಯ ನಿಲ್ಲಿಸಿ, ಅದರ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿ, ದೊಡ್ಡ ಡಾಕ್ಟರು ತೂತಿಗೆ ತೇಪೆ ಹೊಲಿದರು. ಮತ್ತೆ ಹೃದಯ ಬಡಿಯಿತು. ಯಂತ್ರ ಬಿಡಿಸಿದರು, ಅದಕ್ಕಾಗಿ ಹೃದಯಕ್ಕೆ ಹೊಲಿದಿದ್ದ ನಳಿಗೆ ತೆಗೆದರು, ರಕ್ತ ಹೆಪ್ಪುಗಟ್ಟಲು ಔಷಧಿ ಕೊಟ್ಟರು. ಇನ್ನು ಎದೆ ಮುಚ್ಚುವುದೊಂದೇ ಬಾಕಿ. ಎಲ್ಲರ ಭುಜ ಸಡಿಲವಾಯಿತು.

ತಕ್ಕಡಿಯಕ್ಕನದು ಆಗಲಿಲ್ಲ. ಸಿಸ್ಟರ್ ಕೊಟ್ಟ ಮೊದಲ ಐದು ಬಟ್ಟೆಯಲ್ಲಿ ಏಳು ಗ್ರಾಂ. ಮುಂದಿನ ಐದರಲ್ಲಿ ಹನ್ನೊಂದು. ಆಮೇಲಿನ ಐದರಲ್ಲಿ ಹದಿನಾರು. ಈ ಹೊತ್ತಿಗೆ ಇಳಿಯಬೇಕಾದ ಲೆಕ್ಕ ಏರುತ್ತಿತ್ತು.

"ಹದಿನಾರು," ಎಂದು ಕೂಗಿದಳು.

ದೊಡ್ಡ ಡಾಕ್ಟರು ತಲೆ ಎತ್ತಲಿಲ್ಲ. "ಒಂದು ಹನೀನೂ ಕಾಣ್ತಿಲ್ಲಮ್ಮ ಇಲ್ಲಿ. ಉಪ್ಪುನೀರಲ್ಲಿ ಅದ್ದಿದ ಬಟ್ಟೆ ಸೇರಿಸಿ ತೂಗಿದೀಯ. ಸೂಜಿ ಕೊಡಿ, ಮುಚ್ಚೋಣ."

ನೆಲ ಒರೆಸುವವಳು ದೊಡ್ಡ ಡಾಕ್ಟರ ಕೈ ತಡೆಯುವುದೇ? ಒಂದು ಮಾತಿಗೆ ಗೇಟಿನಾಚೆ ದಬ್ಬುತ್ತಾರೆ. ಆದರೆ ಅದ್ದಿದ ಬಟ್ಟೆ ನೀಲಿ ಬೋಗುಣಿಗೆ, ಒಣದಾಗಿಯೇ ಎದೆಯೊಳಗಿಟ್ಟು ತೆಗೆದದ್ದು ಬಿಳಿ ಬೋಗುಣಿಗೆ ಎಂದು ಸಿಸ್ಟರಿಗೆ ಹಟ ಹಿಡಿದು ರೂಢಿ ಮಾಡಿಸಿದವಳೇ ಅವಳು. ಈ ಹದಿನಾರು ಗ್ರಾಂ ಬಂದದ್ದು ಬಿಳಿಯದರಿಂದ.

ಹೊಸ ಕಟ್ಟು ಒಡೆದು ಐದು ಒಣ ಬಟ್ಟೆ ತಕ್ಕಡಿಗೆ ಹಾಕಿದಳು. ಇಪ್ಪತ್ತು. ಎಂದಿನಷ್ಟೇ. ತಕ್ಕಡಿ ಸುಳ್ಳು ಹೇಳುತ್ತಿರಲಿಲ್ಲ.

"ನೀರಲ್ಲ ಸಾರ್, ರಕ್ತ. ಒದ್ದೆ ಬಟ್ಟೆ ನೀಲೀಲೇ ಬಿದ್ದಿವೆ, ಯಾರಾದ್ರೂ ಬಂದು ನೋಡ್ಲಿ ಬೇಕಾದ್ರೆ. ಮುಚ್ಬೇಡಿ."

ಸೂಜಿ ಗಾಳಿಯಲ್ಲೇ ನಿಂತಿತು. ಡಾಕ್ಟರಮ್ಮ ಪರದೆಯತ್ತ ನೋಡಿ ಮೆಲ್ಲಗೆ ಹೇಳಿದರು, "ಬಿ.ಪಿ. ಇಳೀತಿದೆ ಸಾರ್. ನಾನು ಅಕ್ಕನ ಲೆಕ್ಕ ನಂಬ್ತೀನಿ."

ದೊಡ್ಡ ಡಾಕ್ಟರು ಸೂಜಿ ಕೆಳಗಿಟ್ಟು, ಕೂಸಿನ ಮುಷ್ಟಿಯಷ್ಟಿದ್ದ ಹೃದಯವನ್ನು ಒಂದಿಷ್ಟೇ ಸರಿಸಿದರು. ನಳಿಗೆ ತೆಗೆದ ಜಾಗದ ಹಿಂಬದಿ, ಕಣ್ಣಿಗೆ ಬೀಳದ ಕಡೆ, ಒಂದು ಹೊಲಿಗೆ ಸಡಿಲ. ಅಲ್ಲಿಂದ ಜಿನುಗಿದ್ದನ್ನೆಲ್ಲ ಅಡಿಯಲ್ಲಿ ತುರುಕಿ ಬದಲಿಸುತ್ತಿದ್ದ ಬಟ್ಟೆ ಸದ್ದಿಲ್ಲದೆ ಹೀರುತ್ತಿತ್ತು. ಎರಡು ಹೊಲಿಗೆ ಹಾಕಿದರು. ಹೊಸ ಬಟ್ಟೆ ಇಟ್ಟರು. ಕಾದರು. ಆ ಹತ್ತು ನಿಮಿಷ ಆಕೆ ಗಡಿಯಾರ ನೋಡಲಿಲ್ಲ, ತನ್ನ ಕಾಲ್ಬೆರಳು ನೋಡುತ್ತ ನಿಂತಳು.

"ತೂಗಮ್ಮ."

"ಎರಡು, ಸಾರ್."

"ಇನ್ನೊಂದ್ಸಲ."

"ಎರಡೇ."

"ಸರಿ. ಈಗ ಮುಚ್ಚಬಹುದಾ?" ಅವರು ಕೇಳಿದ್ದು ಆಕೆಯನ್ನೇ.

"ಮುಚ್ಚಿ."

ಹತ್ತನೆಯ ದಿನ ಕೂಸು ಮನೆಗೆ ಹೋಯಿತು, ಬಾಟಲಿ ಖಾಲಿ ಮಾಡಿ ಇನ್ನೂ ಬೇಕೆಂದು ಅರಚುತ್ತ. ಹನ್ನೊಂದನೆಯ ದಿನ ಗುತ್ತಿಗೆದಾರನ ಮೇಸ್ತ್ರಿ ತಕ್ಕಡಿಯಕ್ಕನಿಗೆ ಒಂದು ಚೀಟಿ ಕೊಟ್ಟ: ಆಪರೇಷನ್ ನಡೆದ ದಿನ ಕಾರಿಡಾರ್ ಒರೆಸಿಲ್ಲ, ಅರ್ಧ ದಿನದ ಕೂಲಿ ಕಡಿತ. ಒಂದನೇ ತಾರೀಖಿನಿಂದ ಥಿಯೇಟರಿಗೆ ಕಾಲಿಡುವಂತಿಲ್ಲ.

"ಬಟ್ಟೆ ಯಾರು ತೂಗ್ತಾರಣ್ಣ?" ಎಂದು ಕೇಳಿದಳು.

"ಕೈ ಖಾಲಿ ಇದ್ದೋರು ತೂಗ್ತಾರೆ. ಅದೇನು ಮಹಾ ಬ್ರಹ್ಮವಿದ್ಯೆ!"

ಎದೆ ತೆರೆದು ಮಲಗಿದ ಕೂಸಿನ ಹತ್ತಿರ ಯಾರ ಕೈ ಖಾಲಿ ಇರುತ್ತದೆ? ದೊಡ್ಡ ಡಾಕ್ಟರು ಆಕೆಯ ಪರವಾಗಿ ಕಾಗದ ಬರೆದರು. ಆಡಳಿತದವರು ಗುತ್ತಿಗೆದಾರನನ್ನು ಕೇಳಿ ಎಂದರು, ಗುತ್ತಿಗೆದಾರ ಆಡಳಿತದವರನ್ನು ಕೇಳಿ ಎಂದ. ಒಂದನೇ ತಾರೀಖಿಗೆ ಇನ್ನು ಆರು ದಿನ. ಅದರ ಮರುದಿನ ಇನ್ನೊಂದು ಕೂಸಿನ ಆಪರೇಷನ್ ಇದೆ, ಎರಡು ತಿಂಗಳದು.

ಇಷ್ಟು ಓದಿದ್ದೀರಿ, ಅಯ್ಯೋ ಪಾಪ ಎಂದು ಹಾಳೆ ಮಗುಚಬೇಡಿ. ಒಂದನೇ ತಾರೀಖಿಗೆ ಮೊದಲೇ, ಈ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಆಸ್ಪತ್ರೆಯ ಗೇಟಿಗೆ ಬನ್ನಿ. ಆಕೆಯನ್ನು ತಕ್ಕಡಿಯ ಮುಂದೆಯೇ ನಿಲ್ಲಿಸಿ, ಆ ಕೆಲಸಕ್ಕೆ ಹೆಸರು ಕೊಡಿ, ಸಂಬಳ ಕೊಡಿ ಎಂದು ಆಡಳಿತದವರ ಮುಖಕ್ಕೇ ಹೇಳಿ. ಟೈಲರಮ್ಮ ಕೂಸನ್ನೆತ್ತಿಕೊಂಡು ಬರುತ್ತಾಳೆ. ನೀವು?