ಜಗಳೂರಿನ ಚಿವುಟವ್ವ

ಬೆಳಕು ಹರಿಯುವ ಹೊತ್ತು. ಜಗಳೂರಿನ ಸಣ್ಣ ನರ್ಸಿಂಗ್ ಹೋಮ್ ಒಂದರಲ್ಲಿ, ಎಳೆಗೂಸುಗಳ ಕೋಣೆಯಲ್ಲಿ ಒಂದು ಮಂಚದ ಬಳಿಯ ಟ್ಯಾಬ್ ಕೀರಲು ದನಿಯಲ್ಲಿ ಕೂಗುತ್ತದೆ. ಅದರ ಪರದೆಯ ಮೇಲೆ ಕೂಸಿನ ಉಸಿರಿನೊಂದಿಗೆ ಏರಿಳಿಯುತ್ತಿದ್ದ ಹಸಿರು ಗೆರೆ ಚಪ್ಪಟೆಯಾಗಿದೆ. ಬಟ್ಟೆ ಮಡಚುತ್ತಿದ್ದ ಆಯಾ ಉಚ್ಚಂಗಮ್ಮ ಎದ್ದು ಬಂದು, ಕೂಸಿನ ಹೆಬ್ಬೆರಳಿನಷ್ಟಿರುವ ಅಂಗಾಲಿಗೆ ತೋರುಬೆರಳಿನಿಂದ ಮೀಟುತ್ತಾರೆ. ಕೂಸು ಮಿಸುಕುವುದಿಲ್ಲ. ಮತ್ತೊಮ್ಮೆ, ಸ್ವಲ್ಪ ಜೋರಾಗಿ. ಮುಖ ಕಿವುಚಿ ಅಳುತ್ತದೆ, ಗೆರೆ ಮೇಲೇಳುತ್ತದೆ.

‘ಬಂದ್ಲು ನೋಡ್ರಿ ಚಿವುಟವ್ವ’ ಎಂದು ಪಕ್ಕದ ಮಂಚದಿಂದ ಒಬ್ಬ ಬಾಣಂತಿ ಗೊಣಗುತ್ತಾಳೆ. ಆ ಹೆಸರು ಇಟ್ಟವರು ಬಾಣಂತಿಯರೇ; ಮೀಟುವುದು ಅವರ ಕಣ್ಣಿಗೆ ಚಿವುಟಿದಂತೆ.

ದಿನ ತುಂಬದೆ ಹುಟ್ಟಿದ ಕೂಸುಗಳು ಯಾವುದೋ ದೂರದ ಕನಸಿಗೆ ಹೋದಂತೆ ನಿದ್ದೆಯಲ್ಲಿ ಉಸಿರಾಡುವುದನ್ನೇ ಮರೆತುಬಿಡುತ್ತವೆ. ಹೊಟ್ಟೆಗೆ ಸುತ್ತಿದ ಪಟ್ಟಿಯ ಮೂಲಕ ಸಾಫ್ಟ್‌ವೇರ್ ಅದನ್ನು ಅರಿತು ಕೂಗುತ್ತದೆ. ವಾಪಸ್ಸು ಕರೆತರಲು ಮಾತ್ರ ಒಂದು ಬೆರಳು ಬೇಕು. ಅದಕ್ಕೂ ಏಳದಿದ್ದರೆ ನರ್ಸ್ ಓಡಿ ಬರಬೇಕು.

ಉಚ್ಚಂಗಮ್ಮ ಬಿಳಿಚೋಡಿನವರು, ಕುರಿ ಸಾಕುವ ಮನೆತನ. ‘ಕುರಿ ಈದಾಗ ಮರಿ ಉಸ್ರು ತಗಳ್ಲಿಲ್ಲ ಅಂದ್ರೆ ಹುಲ್ಲುಕಡ್ಡಿ ಮೂಗಿಗೆ ಆಡಿಸ್ತಿದ್ವಿ. ಕುರಿ ಯಾವತ್ತೂ ನನ್ನ ಬೈದಿಲ್ಲ ಬಿಡ್ರಿ’ ಎಂದು ನಗುತ್ತಾರೆ.

ಆ ನಗು ಹೆಚ್ಚು ಹೊತ್ತು ಉಳಿಯುವುದಿಲ್ಲ. ಹೋದ ಮಳೆಗಾಲದಲ್ಲಿ, ಟ್ಯಾಬ್ ಕೂಗಿದಾಗಲೆಲ್ಲ ತನ್ನ ಮಗುವಿಗೆ ಏಟು ಬೀಳುತ್ತದೆಂದು ಒಬ್ಬ ತಾಯಿ ಅದರ ಸದ್ದನ್ನೇ ನಿಲ್ಲಿಸಿದ್ದಳು. ಉಚ್ಚಂಗಮ್ಮ ಬಿಸಿನೀರು ತಂದು ನೋಡುವಷ್ಟರಲ್ಲಿ ಗೆರೆ ಮಲಗಿತ್ತು. ನರ್ಸ್ ಏನೇನು ಮಾಡಿದರೂ ಅದು ಮೇಲೇಳಲಿಲ್ಲ. ಆ ತಾಯಿಯನ್ನು ಬೈದಿರಾ ಎಂದರೆ ಅವರು ಮಡಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚುತ್ತಾರೆ.

‘ಏನಂತ ಬೈಲಿ? ನನ್ನ ಕೈಗೆ ಹೆದರಿ ತಾನೇ ಆಕಿ ಬಂದ್ ಮಾಡಿದ್ದು.’

ಈಗ ಕೊನೆಯ ಮಂಚದಲ್ಲಿರುವ ಅನಿತಾ ತ್ಯಾವಣಿಗೆ ಊರಿನ ಹುಡುಗಿ, ಚೊಚ್ಚಲ ಬಾಣಂತಿ. ಅವಳ ಹೆಣ್ಣುಕೂಸು ಆಗಾಗ ಉಸಿರು ಮರೆಯುತ್ತದೆ. ನಿನ್ನೆ ಟ್ಯಾಬಿನ ಮೇಲೆ ಟವೆಲ್ ಮುಚ್ಚಿತ್ತು, ಸದ್ದೂ ತಗ್ಗಿತ್ತು. ಉಚ್ಚಂಗಮ್ಮ ಟವೆಲ್ ತೆಗೆದು ಸದ್ದು ಏರಿಸಿದರು. ಸತ್ತ ಕೂಸಿನ ಸಂಗತಿಯನ್ನೂ ಅವಳಿಗೆ ಹೇಳಿದರು.

ಈ ದಿನ ಅದೇ ಟ್ಯಾಬ್ ಮತ್ತೆ ಕೂಗಿದಾಗ ಅವರು ಅನಿತಾಳ ಬೆರಳು ಹಿಡಿದು ಅಂಗಾಲಿಗೆ ತಾಗಿಸುತ್ತಾರೆ. ‘ನೀನೇ ಮೀಟು.’

‘ನೋಯ್ತೈತೆ ಕಣಕ್ಕಾ.’

‘ನೋಯ್ಲಿ. ಮೀಟವ್ವ.’

ಅನಿತಾ ಕಣ್ಣು ಮುಚ್ಚಿ ಮೀಟುತ್ತಾಳೆ. ಕೂಸು ಅಳುತ್ತದೆ, ಅದರ ಜೊತೆ ಅವಳೂ. ಕೂಸಿನ ಉಸಿರು ಬಲಿಯುವವರೆಗೆ ಇಂಥ ರಾತ್ರಿಗಳು ಇನ್ನೆಷ್ಟೋ. ಎಲ್ಲ ಕೂಸುಗಳೂ ಅವನ್ನು ದಾಟುತ್ತವೆಂದು ಇಲ್ಲಿ ಯಾರೂ ಮಾತು ಕೊಡುವುದಿಲ್ಲ.

ನಿಮಗೇನು ಆಸೆ ಎಂದು ಕೇಳಿದರೆ ಉಚ್ಚಂಗಮ್ಮ ಬಾಗಿಲ ಕಡೆ ನೋಡುತ್ತಾರೆ.

‘ಈ ಹುಡುಗಿ ಮನಿಗೆ ಹೋಗೋವಾಗ ನನ್ನ ಬೈಕೊಂಡೇ ಹೋಗ್ಲಿ ರೀ. ಕಂಕುಳಾಗೆ ಕೂಸು ಇದ್ರೆ ಸಾಕು.’